ಬೇಸುರದ ಎರಡನೆಯ ತಂಬೂರಿ

ಪುಸ್ತಕಕ್ಕೆ ಐನೂರು ರೂಪಾಯಿ ಕೊಟ್ಟವರನ್ನು ನಾವು ಸಾಹಿತ್ಯಾಭಿಮಾನಿ ಎನ್ನುತ್ತೇವೆ. ಕನ್ನಡಕಕ್ಕೆ ಎರಡು ಸಾವಿರ ಕೊಟ್ಟರೆ ಯಾರೂ ಏನೂ ಅನ್ನುವುದಿಲ್ಲ, ಕಣ್ಣು ಕಾಣಬೇಕಲ್ಲ. ಅದೇ ಒಬ್ಬ ವಿದ್ಯಾರ್ಥಿ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಡು ಸರಿಯಾಗಿ ಕೇಳಲಿ ಎಂದು ಸಾವಿರ, ಒಂದೂವರೆ ಸಾವಿರ ಕೊಟ್ಟು ಬೆಂಕಿಪೊಟ್ಟಣದಷ್ಟು ದೊಡ್ಡ ಹೆಡ್‌ಫೋನ್ ಆಂಪ್ಲಿಫೈಯರ್ ಕೊಂಡು ತಂದರೆ ಮಾತ್ರ ಎರಡು ಕಡೆಯಿಂದ ಬೈಗುಳ ಬೀಳುತ್ತದೆ. ಒಂದು ಕಡೆ ಸಾಹಿತ್ಯದವರು: ‘ಹಾಡು ಕೇಳಾಕ ಇಷ್ಟೆಲ್ಲ ಯಾಕಬೇಕ್ರೀ? ಹೃದಯ ಇದ್ದರೆ ಸಾಕು.’ ಇನ್ನೊಂದು ಕಡೆ ಧ್ವನಿಶುದ್ಧಿಯ ಪಂಡಿತರು: ‘ನಲವತ್ತು ಸಾವಿರದ ಕೆಳಗಿನದೆಲ್ಲ ಆಟಿಕೆ, ಅದರಲ್ಲಿ ಕೇಳುವುದಕ್ಕಿಂತ ಕೇಳದಿರುವುದೇ ವಾಸಿ.’

ಈ ಇಬ್ಬರೂ ಬೇರೆ ಬೇರೆ ಮಾತಾಡಿದಂತೆ ಕಂಡರೂ ಮುಚ್ಚುತ್ತಿರುವುದು ಒಂದೇ ಬಾಗಿಲನ್ನು. ಕೇಳುವ ಸುಖ ನಿನ್ನದಲ್ಲ ಎಂದು ಒಬ್ಬರು ವೈರಾಗ್ಯದ ಹೆಸರಿನಲ್ಲಿ ಹೇಳಿದರೆ, ಮತ್ತೊಬ್ಬರು ಬೆಲೆಪಟ್ಟಿಯ ಹೆಸರಿನಲ್ಲಿ ಹೇಳುತ್ತಾರೆ. ಇಬ್ಬರ ಮಾತೂ ತಪ್ಪು ಎಂಬುದು ನನ್ನ ವಾದ.

ಹೃದಯದ ಮಾತಾಡುವವರು ಸಾಮಾನ್ಯವಾಗಿ ಎಲ್ಲಿ ಕೂತು ಮಾತಾಡುತ್ತಾರೆ ನೋಡಿ. ಬೆಂಗಳೂರಿನಲ್ಲೋ ಧಾರವಾಡದಲ್ಲೋ. ಅಲ್ಲಿ ಸಂಜೆಗೊಂದು ಕಛೇರಿ, ಭಾನುವಾರಕ್ಕೊಂದು ಬೈಠಕ್. ತಂಬೂರಿಯ ನಾದ ಹೇಗಿರುತ್ತದೆಂದು ತಿಳಿಯಲು ಅವರಿಗೆ ಯಾವ ಯಂತ್ರವೂ ಬೇಡ, ಮೂರನೇ ಸಾಲಿನ ಕುರ್ಚಿ ಸಾಕು. ಇನ್ನು ಬೀದರ ಜಿಲ್ಲೆಯ ಠಾಣಾ ಕುಶನೂರಿನಲ್ಲಿ ಕೂತ ಒಬ್ಬ ಬಿ.ಎ. ಹುಡುಗಿಯನ್ನು ಊಹಿಸಿಕೊಳ್ಳಿ. ಔರಾದ್ ಸೀಮೆಯ ಊರು. ಮಹಾರಾಷ್ಟ್ರದ ಉದಗೀರ ಹತ್ತಿರ, ಬೆಂಗಳೂರು ಸುಮಾರು 700 ಕಿ.ಮೀ. ದೂರ. ಸುತ್ತ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕಿವಿಗೆ ಬೀಳುವ ನೆಲ. ಭಜನೆ ಇದೆ, ಮೊಹರಂ ಪದ ಇದೆ, ಬೀಸುವ ಪದ ನೆನಪಿಟ್ಟ ಅಜ್ಜಿಯರಿದ್ದಾರೆ. ಆದರೆ ಮಲ್ಲಿಕಾರ್ಜುನ ಮನಸೂರರು ವಚನವನ್ನು ರಾಗದಲ್ಲಿ ಹೇಗೆ ಬಿಡಿಸುತ್ತಿದ್ದರು ಎಂದು ಕೇಳಬೇಕಾದರೆ? 1992ರಲ್ಲಿ ತೀರಿಕೊಂಡ ಮನಸೂರರನ್ನು ಇವತ್ತು ಯಾರೂ ಸಭೆಯಲ್ಲಿ ಕೇಳಲಾರರು ನಿಜ. ಆದರೆ ಅವರ ಪರಂಪರೆಯವರನ್ನು ಕೇಳುವ ಸಭೆಯೂ ಈ ಹುಡುಗಿಗೆ ಹತ್ತಿರದಲ್ಲಿಲ್ಲ. ಅವಳ ಸಭಾಭವನ ಅವಳ ಕೈಯಲ್ಲಿರುವ ಲ್ಯಾಪ್‌ಟಾಪು. ಆ ಸಭಾಭವನದ ಗೋಡೆಯಲ್ಲಿ ಬಿರುಕಿದೆ, ಮುಚ್ಚೋಣ ಎಂದರೆ ಅದನ್ನು ಶೋಕಿ ಎನ್ನುವುದು ಯಾವ ನ್ಯಾಯ?

ಬಿರುಕು ಯಾವುದು ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಲ್ಲಿ ಭಾವುಕತೆಗಿಂತ ವಿದ್ಯುತ್ತಿನ ಲೆಕ್ಕ ಹೆಚ್ಚು ಸಹಾಯಕ್ಕೆ ಬರುತ್ತದೆ.

ಕಂಪ್ಯೂಟರಿನೊಳಗೆ ಹಾಡು ಅಂಕಿಗಳ ಸಾಲಾಗಿ ಇರುತ್ತದೆ. ಸಿ.ಡಿ. ಮಟ್ಟದ ಧ್ವನಿಯಾದರೆ ಸೆಕೆಂಡಿಗೆ 44,100 ಅಂಕಿ, ಒಂದೊಂದೂ 16 ಬಿಟ್. ಆ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಮಾಡುವುದಕ್ಕೆ ಒಂದು ಚಿಪ್ಪು ಬೇಕು, ಅದು ಡಿಎಸಿ. ಆ ಅಲೆಗೆ ಹೆಡ್‌ಫೋನನ್ನು ಅಲುಗಾಡಿಸುವ ಕಸುವು ಕೊಡುವುದಕ್ಕೆ ಇನ್ನೊಂದು ಬೇಕು, ಅದು ಆಂಪ್ಲಿಫೈಯರ್. ಅಗ್ಗದ ಲ್ಯಾಪ್‌ಟಾಪಿನಲ್ಲಿ ಇವೆರಡೂ ಪ್ರೊಸೆಸರ್, ಫ್ಯಾನು, ವೈಫೈಗಳ ಜೊತೆ ಒಂದೇ ಹಲಗೆಯ ಮೇಲೆ, ಒಂದೇ ವಿದ್ಯುತ್ತನ್ನು ಹಂಚಿಕೊಂಡು ಬದುಕುತ್ತವೆ. ಒಂದೇ ಕೋಣೆಯಲ್ಲಿ ಹತ್ತು ಜನ ಸಂಸಾರ ಮಾಡಿದಂತೆ. ಮೌಸ್ ಅಲುಗಾಡಿಸಿದರೆ ಕಿವಿಯಲ್ಲಿ ಚಿರ್ರೆನ್ನುವುದು, ಪುಟ ತೆರೆದರೆ ಗುಂಯ್ ಎನ್ನುವುದು ಇದರಿಂದಲೇ.

ಎರಡನೆಯದು ನಮ್ಮ ಮನೆಗಳ ವಿದ್ಯುತ್ತು. ಎಷ್ಟೋ ಮನೆಗಳಲ್ಲಿ ಮೂರು ತೂತಿನ ಸಾಕೆಟ್ಟು ಇರುತ್ತದೆ, ಮೂರನೆಯ ತೂತಿಗೆ ಅರ್ಥಿಂಗ್ ತಂತಿ ಇರುವುದಿಲ್ಲ. ಚಾರ್ಜರಿನಿಂದ ಸೋರುವ ಸಣ್ಣ ವಿದ್ಯುತ್ತಿಗೆ ಹೋಗಲು ದಾರಿ ಇಲ್ಲದೆ ಅದು ಲ್ಯಾಪ್‌ಟಾಪಿನ ಲೋಹದ ಮೈಗೆ, ಅಲ್ಲಿಂದ ಕೆಲವೊಮ್ಮೆ ಹೆಡ್‌ಫೋನಿಗೆ ಬರುತ್ತದೆ. ಮೈ ಮುಟ್ಟಿದರೆ ಜುಮ್ಮೆನ್ನುವುದು ಅದೇ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಹೋಗಿಬರುವ ಸುತ್ತು ಮುಗಿಸುತ್ತದೆ. ಹಾಗಾಗಿ ಆ ಗುಂಯ್‌ಗುಡುವಿಕೆ 50, 100, 150ರ ಲೆಕ್ಕದಲ್ಲಿರುತ್ತದೆ.

ಈಗ ತಂಬೂರಿಗೆ ಬನ್ನಿ. ಕಪ್ಪು ಒಂದರ ಷಡ್ಜಕ್ಕೆ ಶ್ರುತಿ ಮಾಡಿದ ಗಂಡು ತಂಬೂರಿಯ ಖರಜದ ತಂತಿ ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ. ಅದರ ಪಕ್ಕದ ಜೋಡಿ ತಂತಿಗಳು ಸುಮಾರು 139 ಸಲ. ಚಾರ್ಜರಿನ ಗುಂಯ್‌ಗುಡುವಿಕೆ ಬಂದು ಕೂರುವುದು ಸರಿಯಾಗಿ ಈ ಸ್ವರಗಳ ಅಕ್ಕಪಕ್ಕದಲ್ಲಿ, ಆದರೆ ಶ್ರುತಿ ತಪ್ಪಿ. ಅಂದರೆ ಗಾಯಕರ ಹಿಂದೆ ಎರಡನೆಯ ತಂಬೂರಿಯೊಂದು ಬೇಸುರಾಗಿ, ಇಡೀ ಹೊತ್ತು, ನಿಲ್ಲದೆ ಮೀಟುತ್ತಿದೆ. ಕಛೇರಿಯಲ್ಲಿ ಯಾರಾದರೂ ಹೀಗೆ ಮಾಡಿದರೆ ರಸಿಕರು ಎದ್ದು ಬೈದಾರು. ಲ್ಯಾಪ್‌ಟಾಪು ಮಾಡಿದರೆ ‘ಹೃದಯ ಇದ್ದರೆ ಸಾಕು’ ಎನ್ನುತ್ತಾರೆ!

ಹಾಗಾದರೆ ಎಲ್ಲರೂ ಇವತ್ತೇ ಆಂಪ್ಲಿಫೈಯರ್ ಕೊಳ್ಳಬೇಕೆ? ಖಂಡಿತ ಬೇಡ. ಇಲ್ಲಿಂದ ನನ್ನ ಜಗಳ ಮಾರುವವರ ಜೊತೆ.

ಕಂಪ್ಯೂಟರಿನ ಹೆಡ್‌ಫೋನ್ ತೂತಿಗೆ ಸಿಕ್ಕಿಸುವ ಬರಿಯ ಆಂಪ್ಲಿಫೈಯರ್ ಒಳಗಿಂದ ಬಂದದ್ದನ್ನೆಲ್ಲ ದೊಡ್ಡದು ಮಾಡುತ್ತದೆ. ಹಾಡಿನ ಜೊತೆ ಗದ್ದಲವೂ ಬಂದರೆ ಗದ್ದಲವೂ ದೊಡ್ಡದಾಗುತ್ತದೆ. ಸೋರುವ ಮಡಕೆಗೆ ದೊಡ್ಡ ನಲ್ಲಿ ಹಾಕಿದಂತೆ. ಗದ್ದಲವೇ ನಿಮ್ಮ ತೊಂದರೆಯಾದರೆ ಬೇಕಾದದ್ದು ಯುಎಸ್‌ಬಿ ತೂತಿಗೆ ಸಿಕ್ಕಿಸುವ, ಡಿಎಸಿ ಮತ್ತು ಆಂಪ್ಲಿಫೈಯರ್ ಎರಡೂ ಒಳಗಿರುವ ಸಾಧನ. ಅದು ಅಂಕಿಗಳನ್ನು ಅಂಕಿಗಳಾಗಿಯೇ ಹೊರಗೆ ತಂದು, ಆ ಹತ್ತು ಜನರ ಕೋಣೆಯಿಂದಾಚೆ ಧ್ವನಿಯಾಗಿ ಮಾಡುತ್ತದೆ. ಗದ್ದಲವಿಲ್ಲ, ಧ್ವನಿ ಸಣ್ಣದು ಎಂಬುದಷ್ಟೇ ತೊಂದರೆಯಾದರೆ ಮಾತ್ರ ಬರಿಯ ಆಂಪ್ಲಿಫೈಯರ್ ಸಾಕು. ಈ ಎರಡನ್ನೂ ಒಂದೇ ಹೆಸರಿನಲ್ಲಿ, ಒಂದೇ ಚಿತ್ರ ಹಾಕಿ ಮಾರುವ ಅಂಗಡಿಗಳಿವೆ. ವ್ಯತ್ಯಾಸ ತಿಳಿಯದೆ ಕೊಂಡವರು ಆಮೇಲೆ ‘ಇದೆಲ್ಲ ಸುಳ್ಳು’ ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ದುಡ್ಡು ಬಿಚ್ಚುವ ಮೊದಲು ಪುಕ್ಕಟೆ ಪರೀಕ್ಷೆ ಮಾಡಿ. ಹಾಡು ನಿಲ್ಲಿಸಿ, ಧ್ವನಿಯನ್ನು ಏರಿಸಿ, ಕಿವಿಗೊಡಿ. ಗುಂಯ್ ಎಂದರೆ ಚಾರ್ಜರ್ ಕಿತ್ತು ಮತ್ತೆ ಕೇಳಿ. ನಿಂತಿತೋ, ನಿಮಗೆ ಬೇಕಾದದ್ದು ಆಂಪ್ಲಿಫೈಯರ್ ಅಲ್ಲ, ಅರ್ಥಿಂಗ್ ಸರಿ ಮಾಡುವ ಎಲೆಕ್ಟ್ರಿಷಿಯನ್. ಅಲ್ಲಿಯತನಕ ಬ್ಯಾಟರಿಯ ಮೇಲೆ ಕೇಳಿ. ಹಾಡು ಹಾಕುವ ಮೊದಲು ಧ್ವನಿಯನ್ನು ಮತ್ತೆ ಇಳಿಸುವುದನ್ನು ಮರೆಯಬೇಡಿ. ಅದೇ ಹೆಡ್‌ಫೋನನ್ನು ಗೆಳತಿಯ ಮೊಬೈಲಿಗೆ ಹಾಕಿ, ಅದೇ ಹಾಡು ಕೇಳಿ. ಅಲ್ಲಿಯೂ ಮಂಕಾಗಿದ್ದರೆ ತಪ್ಪು ಹೆಡ್‌ಫೋನಿನದು, ಮೊದಲ ದುಡ್ಡು ಅದಕ್ಕೇ ಹೋಗಲಿ. ಹೆಡ್‌ಫೋನು ತರುವಷ್ಟು ಬದಲಾವಣೆಯನ್ನು ಯಾವ ಆಂಪ್ಲಿಫೈಯರೂ ತರುವುದಿಲ್ಲ. ಎರಡೂ ಸರಿಯಿದ್ದರೆ ಏನನ್ನೂ ಕೊಳ್ಳಬೇಡಿ, ಆ ದುಡ್ಡಿಗೆ ಪುಸ್ತಕ ಕೊಳ್ಳಿ.

ಇನ್ನು ನಲವತ್ತು ಸಾವಿರದ ಪಂಡಿತರು. ಅವರಿಗೆ ಅವರದೇ ಲೋಕದ ಇತಿಹಾಸವನ್ನು ನೆನಪಿಸಬೇಕು. ಚು ಮೋಯ್ ಎಂಬ ಹವ್ಯಾಸಿ ಹಂಚಿಕೊಂಡ ಸರಳ ನಕ್ಷೆಯೊಂದನ್ನು ಹಿಡಿದು ಜಗತ್ತಿನ ಎಷ್ಟೋ ಹುಡುಗರು ಪೆಪ್ಪರ್‌ಮಿಂಟ್ ತಗಡಿನ ಡಬ್ಬಿಯೊಳಗೆ, ಒಂಬತ್ತು ವೋಲ್ಟಿನ ಬ್ಯಾಟರಿ ಇಟ್ಟು, ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಿಕೊಂಡರು. 2011ರಲ್ಲಿ ಹೆಸರು ಹೇಳದ ಒಬ್ಬ ಎಂಜಿನಿಯರು ‘ಓ2’ ಎಂಬ ಆಂಪ್ಲಿಫೈಯರಿನ ಪೂರ್ತಿ ನಕ್ಷೆಯನ್ನೂ ಅಳತೆಗಳನ್ನೂ ಬಿಟ್ಟಿಯಾಗಿ ಪ್ರಕಟಿಸಿದ. ದುಬಾರಿ ಪೆಟ್ಟಿಗೆಗಳು ಮಾಡುವ ಕೆಲಸವನ್ನು ಅಗ್ಗದ ಬಿಡಿಭಾಗಗಳಿಂದ ಮಾಡಬಹುದೆಂದು ಮಾಪಕ ಇಟ್ಟು ತೋರಿಸಿದ. ಮರುವರ್ಷ ಮಾತು ನಿಲ್ಲಿಸಿ ಮರೆಯಾದ. ಅವನು ಯಾರೆಂದು ಗೊತ್ತಾಗದಿದ್ದರೂ ನಕ್ಷೆ ಉಳಿಯಿತು. ಇವತ್ತು ಬೆರಳುದ್ದದ ಯುಎಸ್‌ಬಿ ತುಂಡೂ ಸಾಮಾನ್ಯ ಹೆಡ್‌ಫೋನಿಗೆ ಬೇಕಾದ ಶುದ್ಧಿಯನ್ನು ಕೊಡುತ್ತದೆ. ಅದಕ್ಕಿಂತ ಮೇಲಿನ ಬೆಲೆಯಲ್ಲಿ ಬಹುಪಾಲು ಲೋಹದ ಮೈಗೆ, ಗುಂಡಿಗೆ, ಹೆಸರಿಗೆ.

ದುಬಾರಿಯದು ಉತ್ತಮ ಎಂದು ಕಿವಿಗೆ ಅನ್ನಿಸುವುದಕ್ಕೆ ಒಂದು ಹಳೆಯ ತಂತ್ರವೂ ಇದೆ. ಎರಡು ಸಾಧನಗಳಲ್ಲಿ ಒಂದರ ಧ್ವನಿ ಕೂದಲೆಳೆಯಷ್ಟು ಜೋರಾಗಿದ್ದರೂ ಸಾಕು, ಅದೇ ‘ಸ್ಪಷ್ಟ’, ಅದೇ ‘ಆಳ’ ಎನ್ನುತ್ತೇವೆ. ಎರಡರ ಗಟ್ಟಿತನವನ್ನು ಸಮ ಮಾಡಿ, ಕಣ್ಣು ಮುಚ್ಚಿ ಕೇಳಿದಾಗ ಬಹಳಷ್ಟು ಪಾಂಡಿತ್ಯ ಕರಗಿಹೋಗುತ್ತದೆ. ಈ ತಂತ್ರಕ್ಕೆ ಸಿಕ್ಕವರು ಕಿವಿಯನ್ನೂ ಕಳೆದುಕೊಂಡಾರು. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ. ಆಂಪ್ಲಿಫೈಯರ್ ಕೊಳ್ಳುವುದು ಮೆಲ್ಲಗೆ ಇಟ್ಟರೂ ಎಲ್ಲವೂ ಕೇಳಲಿ ಎಂದು. ಜೋರಾಗಿ ಕೇಳುವ ಚಟಕ್ಕೆ ಕೊಳ್ಳುವವರು ದಯವಿಟ್ಟು ಕೊಳ್ಳಬೇಡಿ.

ಗಟ್ಟಿಯಾದ ಆಕ್ಷೇಪವೊಂದು ಉಳಿದಿದೆ. ಮೂಲವೇ ಸರಿಯಿಲ್ಲದ ಮೇಲೆ ಸಾಧನ ಏನು ಮಾಡೀತು? ನಿಜ. ಗೌಹರ್ ಜಾನ್ 1902ರಲ್ಲಿ ಕಲಕತ್ತೆಯಲ್ಲಿ ಹಾಡಿದ್ದು ಮೈಕ್ ಇಲ್ಲದೆ, ಕೊಂಬಿನೊಳಕ್ಕೆ. ಸುಮಾರು 1925ರ ತನಕ ಹಾಗೆಯೇ. ಆ ತಟ್ಟೆಗಳಲ್ಲಿ ಇಲ್ಲದ ಸ್ವರವನ್ನು ಯಾವ ಪೆಟ್ಟಿಗೆಯೂ ಹುಟ್ಟಿಸಲಾರದು. ಆಕೆ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಆಕೆಯಂಥವರ ತಟ್ಟೆಗಳನ್ನು ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಡಿಜಿಟಲ್ ಮಾಡಿ ಯಾರು ಬೇಕಾದರೂ ಕೇಳುವಂತೆ ಇಟ್ಟಿತು. ಆದರೆ ತಟ್ಟೆಯ ಚರಚರ ಸದ್ದನ್ನು ಕಿವಿ ಹತ್ತು ನಿಮಿಷದಲ್ಲಿ ಬದಿಗಿಡಲು ಕಲಿಯುತ್ತದೆ, ಅದು ಆ ಕಾಲದ ಧೂಳು. ಅದರ ಮೇಲೆ ನಮ್ಮ ಲ್ಯಾಪ್‌ಟಾಪು ತನ್ನದೂ ಒಂದು ಪದರ ಹಾಕಿದರೆ ಕಿವಿ ಸೋಲುತ್ತದೆ. ಮೂಲ ದುರ್ಬಲವಾದಷ್ಟೂ ನಡುವಿನ ದಾರಿ ಶುದ್ಧವಾಗಿರಬೇಕು. ಮಾಸಿದ ಓಲೆಗರಿಯನ್ನು ಓದುವವನು ಕನ್ನಡಕವನ್ನು ಒರೆಸಿಕೊಳ್ಳುವುದಿಲ್ಲವೆ?

ಇದು ಸಂಗೀತದವರ ಪಾಡು, ನಮಗೇನು ಎನ್ನುವ ಸಾಹಿತ್ಯದ ವಿದ್ಯಾರ್ಥಿಗಳಿಗೆ ಕೊನೆಯ ಮಾತು. ಕನ್ನಡದ ಎಷ್ಟೋ ಪಾಲು ಇನ್ನೂ ಬಾಯಲ್ಲಿದೆ. ನೀವು ಔರಾದಿನಲ್ಲೋ ಭಾಲ್ಕಿಯಲ್ಲೋ ಒಬ್ಬ ಅಜ್ಜಿಯ ಬೀಸುವ ಪದವನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಬರುತ್ತೀರಿ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಕೇಳುತ್ತ ಬರೆಯುತ್ತೀರಿ. ಹಕಾರವೆಂಬುದು ಬರಿಯ ಉಸಿರು, ಸಕಾರವೆಂಬುದು ಬರಿಯ ಸೀಟಿ. ಲ್ಯಾಪ್‌ಟಾಪಿನ ಸುಯ್‌ಗುಡುವಿಕೆ ಮೊದಲು ನುಂಗುವುದು ಇವನ್ನೇ. ಅಜ್ಜಿ ಅಂದದ್ದು ‘ಹರಿ’ಯೋ ‘ಅರಿ’ಯೋ, ‘ಹಾಡು’ವೋ ‘ಆಡು’ವೋ? ಹಕಾರವನ್ನು ಬಿಟ್ಟದ್ದು ಅವಳ ನುಡಿಯೋ ನಿಮ್ಮ ಯಂತ್ರವೋ? ತಪ್ಪು ಅಕ್ಷರ ಪ್ರಬಂಧಕ್ಕೆ ಹೋಗುತ್ತದೆ, ಪ್ರಬಂಧ ಪುಸ್ತಕವಾಗುತ್ತದೆ, ಮುಂದಿನವರು ಅದನ್ನೇ ಉಲ್ಲೇಖಿಸುತ್ತಾರೆ. ಅಷ್ಟು ಹೊತ್ತಿಗೆ ಅಜ್ಜಿ ಇರುವುದಿಲ್ಲ. ಬ್ಲೂಟೂತ್ ಹೆಡ್‌ಸೆಟ್ಟು ಹಾಕಿಕೊಂಡವರಿಗೂ ಎಚ್ಚರಿಕೆ: ಅದರ ಮೈಕು ಚಾಲೂ ಆದೊಡನೆ ಅದು ಸಾಮಾನ್ಯವಾಗಿ ಫೋನ್ ಕರೆಯ ಮಟ್ಟಕ್ಕೆ ಇಳಿದು ಮೇಲಿನ ಸ್ವರಗಳನ್ನೆಲ್ಲ ಕತ್ತರಿಸುತ್ತದೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಕನ್ನಡ ಕಲಿಸುವ ಪ್ರತಿಯೊಂದು ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಕೇಳುವ ಮೇಜು ಇರಲಿ. ಒಂದು ಕಂಪ್ಯೂಟರು, ತಂತಿಯಿರುವ ಒಂದು ಸಾಧಾರಣ ಹೆಡ್‌ಫೋನು, ಒಂದು ಅಗ್ಗದ ಯುಎಸ್‌ಬಿ ಡಿಎಸಿ, ಅರ್ಥಿಂಗ್ ಇರುವ ಒಂದು ಸಾಕೆಟ್ಟು. ಕಂಪ್ಯೂಟರು ಹೇಗೂ ಇರುತ್ತದೆ. ಉಳಿದದ್ದಕ್ಕೆ ನಾಲ್ಕೈದು ದಪ್ಪ ನಿಘಂಟುಗಳ ಬೆಲೆಯೂ ಆಗುವುದಿಲ್ಲ. ಅದರ ಪಕ್ಕದಲ್ಲಿ, ವಿದ್ಯಾರ್ಥಿಗಳು ಮುದ್ರಿಸಿ ತಂದ ಧ್ವನಿಗಳನ್ನು ಊರು, ದಿನಾಂಕ ಬರೆದು ಇಡುವ ಒಂದು ಹಾರ್ಡ್‌ಡಿಸ್ಕು. ಪುಸ್ತಕ ಓದಲು ದೀಪ ಬೇಕು ಎಂದು ಒಪ್ಪಿದ ಸಂಸ್ಥೆ ಇದನ್ನು ಒಪ್ಪದಿರಲು ಕಾರಣವಿಲ್ಲ. ಮೊದಲ ಮೇಜು ಬೆಂಗಳೂರಿನಲ್ಲಿ ಬೇಡ, ಅಲ್ಲಿ ಕಛೇರಿಗಳಿವೆ. ಠಾಣಾ ಕುಶನೂರಿನಂಥ ಊರಿನಿಂದ ಶುರುವಾಗಲಿ.