ಸ್ಪರ್ಧೆ ನಮ್ಮದು, ನಿಯಮವನ್ನೂ ನಾವೇ ಬರೆದಿಡೋಣ



ನವೆಂಬರ್ ಹತ್ತಿರ ಬಂತೆಂದರೆ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓಡಾಟ ಶುರು. ಪ್ರಬಂಧ, ಭಾಷಣ, ವಚನ ಗಾಯನ, ಕೈಬರಹ, ರಸಪ್ರಶ್ನೆ... ಒಂದೇ ಎರಡೇ! ಕರ್ನಾಟಕದ ಶಾಲೆಗಳಿಗೆ ಪ್ರತಿಭಾ ಕಾರಂಜಿ ಇದೆ. ಕ್ಲಸ್ಟರಿನಿಂದ ರಾಜ್ಯಮಟ್ಟದವರೆಗೆ ಇಲಾಖೆಯೇ ನಡೆಸುತ್ತದೆ, ನಿಯಮದ ಸುತ್ತೋಲೆಯನ್ನೂ ಇಲಾಖೆಯೇ ಕಳಿಸುತ್ತದೆ. ಗಡಿಯ ಈಚೆ ಇರುವ ನಮಗೆ ಆ ಸುತ್ತೋಲೆ ಬರುವುದಿಲ್ಲ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದಲ್ಲಿ ಕನ್ನಡದ ಸ್ಪರ್ಧೆ ಎಂದರೆ ಶಿಕ್ಷಕರು, ಪಾಲಕರು, ಹಳೆಯ ವಿದ್ಯಾರ್ಥಿಗಳು ಕೈಯಿಂದ ಹಣ ಹಾಕಿ, ತಾವೇ ನಿಂತು ನಡೆಸುವಂಥದ್ದು.

ಇದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವುದೇ. ನಾವು ಹಬ್ಬ ಮಾಡುವ ಅದೇ ದಿನ, 1956ರ ನವೆಂಬರ್ 1ರಂದು, ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ನಾವು ತೆಲಂಗಾಣದವರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಸಿಗಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಆ ಮಕ್ಕಳು ಕನ್ನಡದಲ್ಲಿ ವೇದಿಕೆ ಹತ್ತಿ ಮಾತಾಡುವ ಅವಕಾಶವನ್ನು ನಾವೇ ಮಾಡಿಕೊಡಬೇಕು.

"ಇರುವವರೇ ನಾಲ್ಕು ಮಂದಿ, ಎಲ್ಲರೂ ನಮ್ಮವರೇ, ನಿಯಮ ಯಾತಕ್ಕೆ ಸರ್?" ಎಂದು ಕೆಲವರು ಕೇಳುತ್ತಾರೆ. ನಾಲ್ಕು ಮಂದಿ ಇರುವುದರಿಂದಲೇ ಬೇಕು ಎನ್ನುತ್ತೇವೆ ನಾವು. ದೊಡ್ಡ ಊರಿನಲ್ಲಿ ತೀರ್ಪುಗಾರರಿಗೂ ಮಗುವಿಗೂ ಪರಿಚಯವೇ ಇರುವುದಿಲ್ಲ. ಇಲ್ಲಿ ಸ್ಪರ್ಧೆ ಏರ್ಪಡಿಸಿದವರೂ ನಾವೇ, ಮಕ್ಕಳನ್ನು ತಯಾರು ಮಾಡಿದವರೂ ನಾವೇ, ಅಂಕ ಹಾಕುವವರೂ ನಾವೇ. ಒಂದು ಸಾರಿ ಹೀಗಾಯಿತು. ತೀರ್ಪು ಕೊಟ್ಟವರ ಶಾಲೆಯ ಹುಡುಗಿಗೇ ಭಾಷಣದಲ್ಲಿ ಮೊದಲ ಬಹುಮಾನ ಬಂತು. ಹುಡುಗಿ ನಿಜಕ್ಕೂ ಚೆನ್ನಾಗಿ ಮಾತಾಡಿದ್ದಳು. ಆದರೆ ಅದನ್ನು ಯಾರೂ ನಂಬಲಿಲ್ಲ. ಊಟದ ಹೊತ್ತಿಗೆ ಗುಸುಗುಸು, ಸಂಜೆಗೆ ಜಗಳ, ಮರುವರ್ಷ ಒಂದು ಶಾಲೆ ಬರಲೇ ಇಲ್ಲ. ಬಾರದ ಶಾಲೆಯ ಮಕ್ಕಳಿಗೂ ನಷ್ಟ, ಗೆದ್ದ ಹುಡುಗಿಗೂ ನಷ್ಟ. ಇಂಗ್ಲಿಷ್ ಮಾಧ್ಯಮಕ್ಕೆ ಹಾಕೋಣವೇ ಎಂದು ಮೊದಲೇ ಯೋಚಿಸುತ್ತಿರುವ ಪಾಲಕರಿಗೆ ಇಂಥದ್ದೊಂದು ನೆಪ ಸಾಕು!

ಆದ್ದರಿಂದ ನಿಯಮಗಳು ಹೆಸರು ನೋಂದಣಿಗೆ ಮೊದಲೇ ಬರಹದಲ್ಲಿ ಇರಬೇಕು. ಯಾರು ಬರುತ್ತಾರೆಂದು ಗೊತ್ತಾದ ಮೇಲೆ ಮಾಡಿದ ನಿಯಮ ಎಷ್ಟೇ ಒಳ್ಳೆಯದಿದ್ದರೂ ಯಾರದೋ ಪರವಾಗಿ ಕಾಣುತ್ತದೆ. ನಮ್ಮ ವಿಚಾರಕ್ಕೆ ಬಂದ ಕೆಲವನ್ನು ಮುಂದಿಡುತ್ತಿದ್ದೇವೆ.

1. ತೀರ್ಪುಗಾರರು: ತನ್ನ ಶಾಲೆಯ ಅಥವಾ ತನ್ನ ಮನೆಯ ಮಗು ಇರುವ ವಿಭಾಗದಲ್ಲಿ ಯಾರೂ ತೀರ್ಪು ಕೊಡಬಾರದು. ತಾಂಡೂರಿನವರು ನಾರಾಯಣಖೇಡದ ಮಕ್ಕಳಿಗೆ, ನಾರಾಯಣಖೇಡದವರು ಜಹೀರಾಬಾದಿನ ಮಕ್ಕಳಿಗೆ ಅಂಕ ಹಾಕಲಿ. ಇನ್ನೊಂದು ಲೆಕ್ಕವನ್ನೂ ನೋಡಿ. ಮೂವರು ತೀರ್ಪುಗಾರರು, ತಲಾ 30 ಅಂಕ. ಒಂದು ಮಗುವಿಗೆ 24, 24, 16 ಬಂದರೆ ಒಟ್ಟು 64. ಇನ್ನೊಂದಕ್ಕೆ 22, 21, 28 ಬಂದರೆ ಒಟ್ಟು 71. ಮೂವರಲ್ಲಿ ಇಬ್ಬರು ಮೊದಲನೆಯ ಮಗುವೇ ಮೇಲು ಅಂದರೂ ಗೆದ್ದದ್ದು ಎರಡನೆಯದು! ಒಬ್ಬರ ಕೈ ಬಿಗಿ-ಸಡಿಲವೇ ಫಲಿತಾಂಶವಾಯಿತು. ಇದರಲ್ಲಿ ಮೋಸ ಇರಲೇಬೇಕೆಂದಿಲ್ಲ. ಅಂಕ ಕೂಡಿಸುವ ಬದಲು ಪ್ರತಿ ತೀರ್ಪುಗಾರರಿಂದ 1, 2, 3 ಎಂದು ಸ್ಥಾನ ಬರೆಸಿಕೊಂಡು, ಸ್ಥಾನಗಳ ಮೊತ್ತ ಕಡಿಮೆ ಇದ್ದವರಿಗೆ ಬಹುಮಾನ ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

2. ಮಗುವಿನ ಮಾತು, ಮಾಸ್ತರರ ಮಾತಲ್ಲ: ಎಷ್ಟೋ ಭಾಷಣಗಳನ್ನು ಬರೆಯುವವರು ನಾವು, ಬಾಯಿಪಾಠ ಮಾಡುವವರು ಮಕ್ಕಳು. ಆಗ ಸ್ಪರ್ಧೆ ನಡೆಯುವುದು ಮಾಸ್ತರರ ನಡುವೆ. ಒಂದು ವಾರ ಮೊದಲು ಐದು ವಿಷಯ ಕೊಡೋಣ. ವೇದಿಕೆಗೆ ಬಂದಾಗ ಚೀಟಿ ಎತ್ತಲಿ, ಹತ್ತು ನಿಮಿಷ ಯೋಚಿಸಲಿ, ಮೂರು ನಿಮಿಷ ಮಾತಾಡಲಿ. ವಿಷಯಗಳೂ ನಮ್ಮ ಸುತ್ತಲಿನವೇ ಇರಲಿ: ಮಂಜೀರಾ ನದಿ ಮತ್ತು ಸಿಂಗೂರು ಅಣೆಕಟ್ಟು, ಝರಾಸಂಗಮದ ಕೇತಕಿ ಸಂಗಮೇಶ್ವರ, ತಾಂಡೂರಿನ ಕಲ್ಲು ಗಣಿ, 2022ರಲ್ಲಿ ಭೌಗೋಳಿಕ ಸೂಚಿ ಪಡೆದ ತಾಂಡೂರು ತೊಗರಿ. ಜೋಗ ಜಲಪಾತ ನೋಡದ ಮಗು ಅದರ ಮೇಲೆ ಬಾಯಿಪಾಠವನ್ನೇ ಒಪ್ಪಿಸಬೇಕು. ತೊಗರಿ ರಾಶಿಯ ಬಗ್ಗೆ ಕೇಳಿದರೆ ತಾನೇ ಹೇಳುತ್ತದೆ.

3. ನಮ್ಮ ಭಾಗದ ಕನ್ನಡಕ್ಕೆ ಅಂಕ ಕಡಿತ ಬೇಡ: ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. "ನಮ್ಮಪ್ಪ ಹೊಲಕ್ಕ ಹೋಗ್ಯಾನ" ಎಂದ ಮಗುವಿಗೆ "ಭಾಷೆ ಶುದ್ಧವಿಲ್ಲ" ಎಂದು ಅಂಕ ಕಳೆಯುವುದನ್ನು ಕಂಡಿದ್ದೇವೆ. ಅದು ಬೀದರ್, ಕಲಬುರಗಿ ಸೀಮೆಯ ಕನ್ನಡ, ಆ ಮಗುವಿನ ಅಜ್ಜಿಯ ಕನ್ನಡ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಆಡುತ್ತಾರೆ. ಮಾತಿನ ನಡುವೆ ಒಂದು ತೆಲುಗು ಪದ ಬಂದರೆ ಆಕಾಶವೇನೂ ಬೀಳುವುದಿಲ್ಲ. ಹಾಗಂತ ಕಾಗುಣಿತ ಬಿಡಿ ಎಂದು ನಾವು ಹೇಳುತ್ತಿಲ್ಲ. ಪ್ರಬಂಧ, ಕೈಬರಹಗಳಲ್ಲಿ ಪಠ್ಯದ ಕನ್ನಡವೇ ಇರಲಿ, ಒತ್ತಕ್ಷರ, ಅಲ್ಪಪ್ರಾಣ-ಮಹಾಪ್ರಾಣ ತಪ್ಪಿದರೆ ಅಂಕ ಹೋಗಲಿ. ಭಾಷಣ, ಕಥೆ ಹೇಳುವುದರಲ್ಲಿ ಮಾತ್ರ ಮನೆಮಾತಿಗೆ ಕಡಿತ ಇಲ್ಲವೆಂದು ಸ್ಪಷ್ಟವಾಗಿ ಬರೆದಿಡೋಣ. ಇಡೀ ವರ್ಷ ಕಷ್ಟಪಟ್ಟು ಕನ್ನಡ ಉಳಿಸಿಕೊಂಡ ಮಗುವಿಗೆ ವೇದಿಕೆಯ ಮೇಲೆ "ನಿನ್ನದು ಕನ್ನಡವೇ ಅಲ್ಲ" ಅಂದರೆ ಹೇಗೆ?

4. ಯಾರು ಭಾಗವಹಿಸಬಹುದು: ಮನೆಮಾತು ಕನ್ನಡವಿದ್ದು ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳೂ ಬರಲಿ, ಆದರೆ ಪ್ರತ್ಯೇಕ ವಿಭಾಗದಲ್ಲಿ. 1ರಿಂದ 4, 5ರಿಂದ 7, 8ರಿಂದ 10ನೇ ತರಗತಿಯ ಗುಂಪುಗಳನ್ನು ಬೆರೆಸುವುದು ಬೇಡ. ಒಂದು ಮಗುವಿಗೆ ಎರಡೇ ಸ್ಪರ್ಧೆ. ಇಲ್ಲದಿದ್ದರೆ ಚುರುಕಾದ ಒಂದೇ ಹುಡುಗ ಎಲ್ಲದರಲ್ಲೂ ನಿಲ್ಲುತ್ತಾನೆ, ಉಳಿದವರು ಚಪ್ಪಾಳೆ ತಟ್ಟಲು ಮಾತ್ರ ಬಂದಂತಾಗುತ್ತದೆ.

5. ಸ್ಥಳ: ಜಹೀರಾಬಾದಿಗೂ ತಾಂಡೂರಿಗೂ ರೈಲು ಇದೆ, ನಾರಾಯಣಖೇಡಕ್ಕೆ ಬಸ್ಸೇ ಗತಿ. ಪ್ರತಿ ವರ್ಷ ಒಂದೇ ಊರಿನ ಮಕ್ಕಳು ಬೆಳಿಗ್ಗೆ ಐದಕ್ಕೆ ಏಳುವುದು ನ್ಯಾಯವಲ್ಲ. ಸರದಿಯ ಮೇಲೆ ಮೂರೂ ಊರಲ್ಲಿ ನಡೆಯಲಿ.

6. ತಕರಾರು ಮತ್ತು ಬಹುಮಾನ: ಕೇರಳದ ಶಾಲಾ ಕಲೋತ್ಸವ 1957ರಿಂದ ನಡೆದುಬಂದಿದೆ. ಅಲ್ಲಿ ಕಾಸರಗೋಡಿನ ನಮ್ಮ ಮಕ್ಕಳು ಕನ್ನಡ ಭಾಷಣಕ್ಕೂ ಕನ್ನಡ ಪದ್ಯಕ್ಕೂ ಯಕ್ಷಗಾನಕ್ಕೂ ವೇದಿಕೆ ಹತ್ತುತ್ತಾರೆ. ಅದಕ್ಕೆ ಬರೆದಿಟ್ಟ ಕೈಪಿಡಿ ಇದೆ, ಮೇಲ್ಮನವಿಗೆ ದಾರಿ ಇದೆ. ಅತಿ ಹೆಚ್ಚು ಅಂಕ ಪಡೆದವರಿಗೆ ಕೊಡುತ್ತಿದ್ದ ಕಲಾಪ್ರತಿಭಾ, ಕಲಾತಿಲಕಂ ಬಿರುದುಗಳನ್ನು ಅವರು 2006ರಲ್ಲಿ ಕೈಬಿಟ್ಟು ದರ್ಜೆ ಪದ್ಧತಿ ತಂದರು. ನಮಗೂ ಇದು ಒಪ್ಪುವಂಥದ್ದು. ಮೊದಲ ಮೂರು ಸ್ಥಾನ ಇರಲಿ, ಜೊತೆಗೆ ಒಂದು ಮಟ್ಟ ಮುಟ್ಟಿದ ಪ್ರತಿ ಮಗುವಿಗೂ 'ಎ' ದರ್ಜೆಯ ಪ್ರಮಾಣಪತ್ರ ಸಿಗಲಿ. ತಕರಾರಿದ್ದರೆ ಫಲಿತಾಂಶ ಬಂದ ಅರ್ಧ ತಾಸಿನೊಳಗೆ ಶಿಕ್ಷಕರು ಲಿಖಿತವಾಗಿ ಕೊಡಲಿ. ನಿಯಮ ಮುರಿದಿದೆಯೇ ಎಂಬುದನ್ನು ಮಾತ್ರ ಬೇರೆ ಊರಿನ ಹಿರಿಯರು ನೋಡಲಿ. "ನಮ್ಮ ಹುಡುಗ ಇನ್ನೂ ಚೆನ್ನಾಗಿ ಹಾಡಿದ್ದ" ಎಂಬುದು ತಕರಾರಲ್ಲ. ಮಕ್ಕಳ ಮುಂದೆ ವಾದ ಬೇಡವೇ ಬೇಡ.

7. ಲೆಕ್ಕಪತ್ರ: ಯಾರು ಎಷ್ಟು ಕೊಟ್ಟರು, ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಅದೇ ದಿನ ಗೋಡೆಗೆ ಅಂಟಿಸಿಬಿಡೋಣ. ಹಣ ಕೊಟ್ಟವರು ತೀರ್ಪುಗಾರರನ್ನು ಆರಿಸುವಂತಿಲ್ಲ.

ಇವೆಲ್ಲ ಒಂದು ಹಾಳೆಯಲ್ಲಿ ಹಿಡಿಯುತ್ತವೆ. ದಸರಾ ರಜೆಗೆ ಮೊದಲು ಮೂರೂ ಊರಿನವರು ಒಂದು ಭಾನುವಾರ ಕೂತರೆ ಸಾಕು. ಬೇಡವಾದದ್ದನ್ನು ತೆಗೆಯಿರಿ, ಬೇಕಾದದ್ದನ್ನು ಸೇರಿಸಿ. ಒಪ್ಪಿಗೆಯಾದ ಮೇಲೆ ಆ ಹಾಳೆಯನ್ನು ಪ್ರತಿ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಓದಿ ಹೇಳೋಣ, ಮಕ್ಕಳಿಗೂ ನಿಯಮ ಗೊತ್ತಿರಲಿ. ಬಹುಮಾನ ಬರದ ಮಗು ಮನೆಗೆ ಹೋಗಿ "ಮುಂದಿನ ವರ್ಷನೂ ಹೋಗ್ತೀನಿ" ಅಂದರೆ ನಮ್ಮ ನಿಯಮ ಸರಿಯಾಗಿದೆ ಎಂದು ತಿಳಿಯೋಣ.