ಕೊಳಾಯಿಯ ಜಾಲರಿಯೂ ತಿಂಗಳ ಬಿಲ್ಲೂ

ನಮ್ಮಲ್ಲಿ ಓದಿ ಹೋಗಿ ಈಗ ಬೆಂಗಳೂರಿನಲ್ಲಿ ಸಂಸಾರ ಹೂಡಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ೨೦೨೪ನೆಯ ಇಸವಿಯ ಮಳೆಗಾಲದಲ್ಲಿ ನಮ್ಮನ್ನು ಕಾಣಲು ಬಂದಿದ್ದಳು. ಯೋಗಕ್ಷೇಮದ ಮಾತುಗಳು ಮುಗಿದ ಮೇಲೆ ಆಕೆಯು ತನ್ನ ಕೈಚೀಲದಿಂದ ಹೆಬ್ಬೆರಳಿನ ತುದಿಯಷ್ಟು ಗಾತ್ರದ ಒಂದು ಹೊಳೆಯುವ ಬಿಲ್ಲೆಯನ್ನು ತೆಗೆದು ನಮ್ಮ ಅಂಗೈಯಲ್ಲಿಟ್ಟು, "ಅಮ್ಮನವರೇ, ಇಂಥವನ್ನು ನಾಲ್ಕು ತಂದು ಮನೆಯ ಕೊಳಾಯಿಗಳಿಗೆಲ್ಲಾ ಹಾಕಿಸಿದೆ. ಮೂರು ತಿಂಗಳಾದರೂ ನೀರಿನ ಲೆಕ್ಕದಲ್ಲಿ ಹತ್ತು ರೂಪಾಯಿ ಸಹ ಇಳಿಯಲಿಲ್ಲ. 'ನಿನ್ನ ಜಾಲರಿ ನೀರನ್ನು ಉಳಿಸಲಿಲ್ಲ, ನಮ್ಮ ದುಡ್ಡನ್ನು ಸೋಸಿತು' ಎಂದು ಅತ್ತೆಯವರು ನಗುತ್ತಾರೆ. ಇದರಿಂದ ನಿಜವಾಗಿ ಏನಾದರೂ ಪ್ರಯೋಜನ ಉಂಟೋ ಇಲ್ಲವೋ ಹೇಳಿರಿ" ಎಂದಳು. ಆ ದಿನ ನಾವು ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ಮನೆವಾರ್ತೆಯ ಲೆಕ್ಕವನ್ನು ಹುಡುಗಿಯರಿಗೆ ಕಲಿಸುವವರು ಇಂಥ ಪ್ರಶ್ನೆಯ ಮುಂದೆ ಸುಮ್ಮನೆ ಕುಳಿತುಕೊಳ್ಳುವುದು ನಾಚಿಕೆಗೇಡೆಂದೆಣಿಸಿ, ಆ ಬಿಲ್ಲೆಯನ್ನು ನಮ್ಮಲ್ಲಿಯೇ ಇರಿಸಿಕೊಂಡು ಪರೀಕ್ಷಿಸಿದೆವು. ಅದರಿಂದ ನಮಗುಂಟಾದ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇವೆ.

ಆ ವರ್ಷದ ಬೇಸಗೆಯನ್ನು ಬೆಂಗಳೂರಿನವರು ಬೇಗನೆ ಮರೆಯಲಾರರು. ಅದರ ಹಿಂದಿನ ವರ್ಷ ಮಳೆಯು ಕೈಕೊಟ್ಟುದರಿಂದ ಕೊಳವೆಬಾವಿಗಳು ಬತ್ತಿಹೋಗಿ, ನಗರದ ಹೊರವಲಯದ ಬಡಾವಣೆಗಳು ಟ್ಯಾಂಕರಿನ ದಾರಿ ಕಾಯುವಂತಾಯಿತು. ೨೦೨೪ರ ಮಾರ್ಚಿ ತಿಂಗಳಲ್ಲಿ ಜಲಮಂಡಳಿಯವರು ಹೋಟೆಲು, ಕಾರ್ಖಾನೆ, ವ್ಯಾಪಾರದ ಮಳಿಗೆ, ಅಪಾರ್ಟ್‌ಮೆಂಟು ಮುಂತಾದ ಸ್ಥಳಗಳ ಕೊಳಾಯಿಗಳಿಗೆ ಏರೇಟರ್ ಎಂಬ ಈ ಉಪಕರಣವನ್ನು ಹಾಕಿಸಲೇಬೇಕೆಂದು ಆಜ್ಞೆ ಮಾಡಿದರು. ಬಿಡಿ ಮನೆಗಳವರಿಗೆ ಅದು ಅವರವರ ಇಷ್ಟಕ್ಕೆ ಬಿಡಲ್ಪಟ್ಟಿತು. ಇದರಿಂದ ನೂರಕ್ಕೆ ೬೦ರಿಂದ ೮೫ರವರೆಗೆ ನೀರು ಉಳಿಯುವುದೆಂದು ಆಗ ಪ್ರಚಾರವಾಯಿತು. ನಮ್ಮ ವಿದ್ಯಾರ್ಥಿನಿಯು ವಾಸವಾಗಿರುವ ನಲವತ್ತು ಮನೆಗಳ ಅಪಾರ್ಟ್‌ಮೆಂಟಿನ ಸಂಘದವರಾದರೋ ಆ ಆಜ್ಞೆಯ ಪ್ರತಿಯನ್ನು ಗೋಡೆಗೆ ಅಂಟಿಸಿ ಕೃತಾರ್ಥರಾದರು. ಅದನ್ನು ಓದಿ ಪೇಟೆಗೆ ಹೋಗಿ ಬಿಲ್ಲೆಗಳನ್ನು ಕೊಂಡು ತಂದವಳು ಇವಳೊಬ್ಬಳೇ.

ಈ ಬಿಲ್ಲೆಯ ಕೆಲಸವೇನು? ಕೊಳಾಯಿಯ ಬಾಯಿಗೆ ತಿರುಗಿಸಿ ಕೂಡಿಸುವ ಈ ಚಿಕ್ಕ ಡಬ್ಬಿಯೊಳಗೆ ಸಣ್ಣ ರಂಧ್ರಗಳುಳ್ಳ ಒಂದು ತಟ್ಟೆಯೂ, ಅದರ ಕೆಳಗೆ ಒಂದೆರಡು ಪದರ ಜಾಲರಿಯೂ ಇರುತ್ತವೆ. ತಟ್ಟೆಯು ನೀರಿನ ಓಟವನ್ನು ಇಕ್ಕಟ್ಟು ಮಾಡುತ್ತದೆ. ಜಾಲರಿಯು ಆ ಇಕ್ಕಟ್ಟಿನ ನೀರನ್ನು ಒಡೆದು ಗಾಳಿಯನ್ನು ಬೆರಸುತ್ತದೆ. ನೀರನ್ನು ಉಳಿಸುವುದು ಗಾಳಿಯೆಂದು ಅನೇಕರು ತಿಳಿದಿರುತ್ತಾರೆ. ಅದು ಸರಿಯಲ್ಲ. ಉಳಿಸುವುದು ಇಕ್ಕಟ್ಟು, ಧಾರೆಯು ತೆಳ್ಳಗಾದುದು ಕೈಗೆ ತಿಳಿಯದಂತೆ ಮರೆಮಾಡುವುದು ಗಾಳಿ. ಗಾಳಿಯಿಲ್ಲದೆ ಬರಿಯ ಇಕ್ಕಟ್ಟಿದ್ದರೆ ಗೃಹಿಣಿಯು ಎರಡನೆಯ ದಿನವೇ ಅದನ್ನು ಕಿತ್ತೆಸೆಯುವಳು.

ನಾವು ನಮ್ಮ ಅಡಿಗೆಮನೆಯ ಕೊಳಾಯಿಯ ಕೆಳಗೆ ೧೦ ಲೀಟರಿನ ಬಕೀಟನ್ನಿಟ್ಟು ಗಡಿಯಾರವನ್ನು ಹಿಡಿದು ನಿಂತೆವು. ಬಿಲ್ಲೆಯಿಲ್ಲದೆ ಬಕೀಟು ತುಂಬಲು ೭೫ ಸೆಕೆಂಡು ಬೇಕಾಯಿತು. ಬಿಲ್ಲೆಯನ್ನು ಹಾಕಿದ ಮೇಲೆ ಎರಡು ನಿಮಿಷ. ನಿಮಿಷಕ್ಕೆ ೮ ಲೀಟರು ಸುರಿಯುತ್ತಿದ್ದದ್ದು ೫ ಲೀಟರಿಗೆ ಇಳಿಯಿತೆಂದು ನಮಗೆ ಮೊದಲು ಬಹಳ ಸಂತೋಷವಾಯಿತು. ಆಗ ಅಡಿಗೆಯ ಕೆಲಸಕ್ಕೆ ಬರುವ ಹೆಂಗಸು ಪಕ್ಕದಲ್ಲಿ ನಿಂತು ನೋಡುತ್ತಿದ್ದು, "ಎರಡು ಸಲವೂ ಬಕೀಟು ತುಂಬಿದ್ದು ಅಷ್ಟೇ ನೀರಲ್ಲವೇ, ಅಮ್ಮಾ? ಎರಡನೇ ಸಲ ನಾನು ಸುಮ್ಮನೆ ಹೆಚ್ಚು ಹೊತ್ತು ಕಾಯಬೇಕಾಯಿತು" ಎಂದಳು. ಈ ವಿಷಯದ ತಿರುಳೇ ಆಕೆಯ ಆ ಮಾತಿನಲ್ಲಿದೆ.

ಯಾಕಂದರೆ ನಮ್ಮ ಮನೆಗಳಲ್ಲಿ ನೀರಿನ ದೊಡ್ಡ ಖರ್ಚುಗಳೆಲ್ಲಾ ಅಳೆದು ತುಂಬಿದ ನೀರಿನಿಂದ ಆಗುವಂಥವು. ಸ್ನಾನಕ್ಕೆ ಬಕೀಟು, ಕುಡಿಯುವುದಕ್ಕೆ ಬಿಂದಿಗೆ, ನೆಲ ಒರಸುವುದಕ್ಕೆ ಅರ್ಧ ಬಕೀಟು, ಬಟ್ಟೆಗೆ ಯಂತ್ರ. ಇವುಗಳಿಗೆ ನೀರು ನಿಧಾನವಾಗಿ ಬಂದರೂ ವೇಗವಾಗಿ ಬಂದರೂ ಬೇಕಾಗುವಷ್ಟು ಬೇಕೇ ಬೇಕು. ನಗರವಾಸಿಯೊಬ್ಬನಿಗೆ ದಿನಕ್ಕೆ ೧೩೫ ಲೀಟರು ನೀರೆಂದು ಎಣಿಸುವ ಪದ್ಧತಿ ನಮ್ಮ ದೇಶದಲ್ಲಿದೆ. ಅದರಲ್ಲಿ ೪೫ ಲೀಟರು ಶೌಚದ ತೊಟ್ಟಿಗೇ ಹೋಗುತ್ತದೆ. ಆ ತೊಟ್ಟಿಗೆ ಕೊಳಾಯಿಯ ಬಿಲ್ಲೆಯಿಂದ ಆಗುವುದೇನೂ ಇಲ್ಲ. ಕೊಳಾಯಿಯನ್ನು ತೆರೆದಿಟ್ಟು ಮಾಡುವ ಕೆಲಸಗಳಲ್ಲಿ ಮಾತ್ರ, ಅಂದರೆ ಪಾತ್ರೆ ತೊಳೆಯುವುದು, ತರಕಾರಿ ತೊಳೆಯುವುದು, ಕೈಕಾಲು ಮುಖ ತೊಳೆಯುವುದು, ಇವುಗಳಲ್ಲಿ ಮಾತ್ರ ಇದರ ಗುಣ ತೋರುತ್ತದೆ. ನೂರಕ್ಕೆ ಅರುವತ್ತೆಂಬ ಮಾತು ಕೊಳಾಯಿಯ ಧಾರೆಗೆ ಸಲ್ಲಬಹುದೇ ಹೊರತು ಇಡೀ ಮನೆಗೆ ಸಲ್ಲದು.

ಧಾರೆಯ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಅಮೆರಿಕ ದೇಶದಲ್ಲಿ ಇಂಥ ಬಿಲ್ಲೆಗಳ ಅಳತೆಯನ್ನು ಗೊತ್ತುಮಾಡುವಾಗ, ಸುಮಾರು ೪೨ ಮೀಟರು ಎತ್ತರದ ನೀರಿನಿಂದುಂಟಾಗುವಷ್ಟು ಒತ್ತಡವನ್ನು ಇಟ್ಟು ಪರೀಕ್ಷಿಸುತ್ತಾರೆ. ನಮ್ಮ ಮನೆಗಳಲ್ಲಿ ನೀರು ಇಳಿಯುವುದು ತಾರಸಿಯ ಮೇಲಿನ ತೊಟ್ಟಿಯಿಂದ. ಮೇಲಂತಸ್ತಿನವರಿಗೆ ಆ ಎತ್ತರವು ಮೂರು ನಾಲ್ಕು ಮೀಟರನ್ನೂ ಮೀರುವುದಿಲ್ಲ. ಅಂಥಲ್ಲಿ ಮೊದಲೇ ಬಡಕಲಾಗಿರುವ ಧಾರೆಗೆ ಬಿಲ್ಲೆಯನ್ನು ಹಾಕಿದರೆ ನೀರು ತೊಟ್ಟಿಕ್ಕುತ್ತದೆ. ಹತ್ತಂತಸ್ತಿನ ಕಟ್ಟಡದ ಕೆಳಮನೆಯಲ್ಲಿಯೋ, ಕೊಳಾಯಿಯನ್ನು ತಿರುಗಿಸಿದೊಡನೆ ನೀರು ಸಿಡಿದು ಸೆರಗು ನೆನೆಯುತ್ತದೆ. ಬಿಲ್ಲೆಯು ನಿಜವಾಗಿ ಬೇಕಾದದ್ದು ಅಲ್ಲಿ.

ಇನ್ನು ದುಡ್ಡಿನ ಲೆಕ್ಕ. ಐದು ಮಂದಿಯ ಸಂಸಾರದಲ್ಲಿ ತೆರೆದ ಕೊಳಾಯಿಯ ಕೆಲಸವು ದಿನಕ್ಕೆ ಒಟ್ಟು ಇಪ್ಪತ್ತು ನಿಮಿಷವೆಂದು ಇಟ್ಟುಕೊಳ್ಳೋಣ. ನಿಮಿಷಕ್ಕೆ ೩ ಲೀಟರಿನಂತೆ ದಿನಕ್ಕೆ ೬೦ ಲೀಟರು, ತಿಂಗಳಿಗೆ ೧,೮೦೦ ಲೀಟರು ಉಳಿಯಿತು. ಇದೇನೂ ಅಲ್ಪವಲ್ಲ, ಮೂರು ನಾಲ್ಕು ಮೈಲಿ ನಡೆದು ಕೊಡ ಹೊತ್ತು ತರುವ ಹೆಂಗಸನ್ನು ಕೇಳಿದರೆ ಅದರ ತೂಕವನ್ನು ಹೇಳುವಳು. ಆದರೆ ಇದರ ಬೆಲೆಯೆಷ್ಟು? ಬೆಂಗಳೂರಿನಲ್ಲಿ ೨೦೧೪ರಿಂದ ೨೦೨೫ರ ಏಪ್ರಿಲ್ಲಿನವರೆಗೆ ಜಾರಿಯಲ್ಲಿದ್ದ ದರದಂತೆ ಗೃಹಬಳಕೆಯ ಕಾವೇರಿ ನೀರಿಗೆ ಮೊದಲ ೮,೦೦೦ ಲೀಟರಿನವರೆಗೆ ಸಾವಿರ ಲೀಟರಿಗೆ ೭ ರೂಪಾಯಿ, ಅಲ್ಲಿಂದ ೨೫,೦೦೦ ಲೀಟರಿನವರೆಗೆ ೧೧ ರೂಪಾಯಿ. ದಿನಕ್ಕೆ ತಲೆಗೆ ೧೩೫ ಲೀಟರಿನಂತೆ ಬಳಸುವ ಐವರ ಸಂಸಾರಕ್ಕೆ ತಿಂಗಳಿಗೆ ನೀರಿನ ಬಾಬ್ತು ಸುಮಾರು ೧೯೧ ರೂಪಾಯಿ ಬರುತ್ತಿತ್ತು; ಬಿಲ್ಲೆಯಿಂದ ಉಳಿಯುವುದು ೨೦ ರೂಪಾಯಿಗೆ ಒಂದಿಷ್ಟು ಕಡಿಮೆ. ಒಂದಕ್ಕೆ ನೂರು ರೂಪಾಯಿಯಂತೆ ನಾಲ್ಕು ಬಿಲ್ಲೆಗಳನ್ನು ಕೊಂಡವರಿಗೆ ಅಸಲು ಹುಟ್ಟಲು ಇಪ್ಪತ್ತು ತಿಂಗಳು ಬೇಕು. ಇನ್ನೂ ವಿಚಿತ್ರವೇನಂದರೆ, ತಿಂಗಳಿಗೆ ಆರು ಸಾವಿರ ಲೀಟರಿನಲ್ಲಿ ಜೀವನ ಸಾಗಿಸುವ ಚಿಕ್ಕ ಸಂಸಾರವು ಕನಿಷ್ಠ ಶುಲ್ಕವಾದ ೫೬ ರೂಪಾಯಿಯನ್ನು ತೆರಲೇಬೇಕಾಗಿತ್ತು. ಅವರು ಎಷ್ಟು ಉಳಿಸಿದರೂ ಒಂದು ಕಾಸೂ ಇಳಿಯದು! ೨೦೨೫ರಲ್ಲಿ ದರವು ಏರಿತಾದರೂ ಆ ಏರಿಕೆಯು ಗೃಹಬಳಕೆಯವರಿಗೆ ಲೀಟರಿಗೆ ಒಂದು ಪೈಸೆಯನ್ನು ಮೀರಲಿಲ್ಲ.

ಟ್ಯಾಂಕರಿನ ನೀರನ್ನು ಕೊಳ್ಳುವವರ ಪಾಡು ಬೇರೆ. ೨೦೨೪ರ ಮಾರ್ಚಿಯಲ್ಲಿ ಜಿಲ್ಲಾಡಳಿತದವರು ಐದು ಕಿಲೋಮೀಟರಿನ ಒಳಗೆ ೧೨,೦೦೦ ಲೀಟರಿನ ಟ್ಯಾಂಕರಿಗೆ ೧,೦೦೦ ರೂಪಾಯಿಯೆಂದು ದರವನ್ನು ಗೊತ್ತುಮಾಡಿದರು. ಅಂದರೆ ಸಾವಿರ ಲೀಟರಿಗೆ ೮೩ ರೂಪಾಯಿ. ಅದೇ ೧,೮೦೦ ಲೀಟರಿಗೆ ಇಲ್ಲಿ ೧೫೦ ರೂಪಾಯಿ ಉಳಿಯುತ್ತದೆ. ಮೂರು ತಿಂಗಳೊಳಗೆ ಬಿಲ್ಲೆಗಳ ಬೆಲೆ ಕೈಸೇರುತ್ತದೆ. ನಮ್ಮ ವಿದ್ಯಾರ್ಥಿನಿಯ ಮನೆಗೆ ಬರುವುದು ಟ್ಯಾಂಕರಿನ ನೀರೇ. ಹಾಗಾದರೆ ಅವಳಿಗೇಕೆ ಉಳಿಯಲಿಲ್ಲ? ಪತ್ರ ಬರೆದು ವಿಚಾರಿಸಲಾಗಿ ಕಾರಣವು ಹೊರಬಿತ್ತು. ಆ ನಲವತ್ತು ಮನೆಗಳಿಗೆ ಬೇರೆಬೇರೆ ಮೀಟರುಗಳಿಲ್ಲ. ತಿಂಗಳ ಟ್ಯಾಂಕರಿನ ವೆಚ್ಚವನ್ನು ಕೂಡಿಸಿ ನಲವತ್ತರಿಂದ ಭಾಗಿಸಿ ಎಲ್ಲರಿಂದಲೂ ಸಮನಾಗಿ ವಸೂಲು ಮಾಡುತ್ತಾರೆ. ಇವಳು ಕಷ್ಟಪಟ್ಟು ಉಳಿಸಿದ ೧೫೦ ರೂಪಾಯಿಯಲ್ಲಿ ಇವಳ ಪಾಲಿಗೆ ಬಂದದ್ದು ನಾಲ್ಕು ರೂಪಾಯಿಗೂ ಕಡಿಮೆ! ಮಿಕ್ಕದ್ದು, ಕೊಳಾಯಿಯನ್ನು ತೆರೆದಿಟ್ಟು ದೂರವಾಣಿಯಲ್ಲಿ ಮಾತನಾಡುವ ನೆರೆಹೊರೆಯವರಿಗೆ ಹಂಚಿಹೋಯಿತು. ಅತ್ತೆಯವರು ನಕ್ಕದ್ದು ತಪ್ಪಲ್ಲ. ಆದರೆ ಅವರು ನಗಬೇಕಾದದ್ದು ಜಾಲರಿಯನ್ನು ನೋಡಿಯಲ್ಲ, ಸಂಘದ ಲೆಕ್ಕದ ಪುಸ್ತಕವನ್ನು ನೋಡಿ. ಅದೇ ನಲವತ್ತು ಮನೆಯವರೂ ಬಿಲ್ಲೆಯನ್ನು ಹಾಕಿಸಿದ್ದರೆ ತಿಂಗಳಿಗೆ ೭೨,೦೦೦ ಲೀಟರು, ಅಂದರೆ ಆರು ಟ್ಯಾಂಕರು ನೀರು, ಆರು ಸಾವಿರ ರೂಪಾಯಿ ಉಳಿಯುತ್ತಿತ್ತು.

ಪ್ರಸಂಗವಶಾತ್ ಬಿಸಿನೀರಿನ ವಿಷಯವನ್ನೂ ಹೇಳಬೇಕು. ಸಾವಿರ ಲೀಟರು ನೀರನ್ನು ೨೦ ಡಿಗ್ರಿಯಷ್ಟು ಬೆಚ್ಚಗೆ ಮಾಡಲು ೨೩ ಯೂನಿಟ್ಟು ವಿದ್ಯುತ್ತು ಬೇಕು. ಗೀಜರಿನ ನೀರನ್ನು ಹರಿಯಬಿಟ್ಟು ಪಾತ್ರೆ ತೊಳೆಯುವ ಮನೆಗಳಲ್ಲಿ ನೀರಿನ ಬಿಲ್ಲಿಗಿಂತ ವಿದ್ಯುತ್ತಿನ ಬಿಲ್ಲೇ ಹೆಚ್ಚು ಇಳಿಯುವುದು. ಗೃಹಜ್ಯೋತಿಯಿಂದ ಬಿಲ್ಲೇ ಬಾರದ ಮನೆಗಳಿಗೆ ಇದೂ ಲೆಕ್ಕಕ್ಕೆ ಸಿಕ್ಕದು.

ಹಾಗಾದರೆ ಕಾವೇರಿಯ ನೀರು ಬರುವ ಮನೆಯವರು ಇದರ ಗೊಡವೆಗೆ ಹೋಗಬೇಡವೇ? ನಮ್ಮ ಅಭಿಪ್ರಾಯವು ಹಾಗಿಲ್ಲ. ಬೆಂಗಳೂರು ೧೮೯೬ರಲ್ಲಿ ಹೆಸರಘಟ್ಟದ ನೀರನ್ನು ಕುಡಿಯಿತು. ಅದು ಸಾಲದೆ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಗೆ ಹೋಯಿತು. ೧೯೭೪ರಲ್ಲಿ ಕಾವೇರಿಯನ್ನು ತಂದಿತು. ೨೦೨೪ರ ಅಕ್ಟೋಬರಿನಲ್ಲಿ ಆ ಯೋಜನೆಯ ಐದನೆಯ ಹಂತವೂ ತೆರೆಯಲ್ಪಟ್ಟಿತು. ಆ ನೀರು ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು ಅರ್ಧ ಕಿಲೋಮೀಟರು ಎತ್ತರಕ್ಕೆ ಯಂತ್ರಗಳಿಂದ ಏರಿಸಲ್ಪಟ್ಟು ಬರುತ್ತದೆ. ಸಾವಿರ ಲೀಟರನ್ನು ಅಷ್ಟೆತ್ತರ ಏರಿಸಲು, ಯಂತ್ರದ ನಷ್ಟವನ್ನು ಸೇರಿಸಿದರೆ, ಎರಡು ಯೂನಿಟ್ಟಿನಷ್ಟು ವಿದ್ಯುತ್ತು ವ್ಯಯವಾಗುತ್ತದೆ. ಯೂನಿಟ್ಟಿಗೆ ಆರು ರೂಪಾಯಿಯಂತೆ ಹಿಡಿದರೂ ಅದೊಂದೇ ೧೨ ರೂಪಾಯಿ. ಬಳಸುವವರು ಕೊಡುತ್ತಿದ್ದದ್ದು ೭ ರೂಪಾಯಿ. ಇಂಥ ಬಿಲ್ಲನ್ನು ಎದುರಿಗಿಟ್ಟುಕೊಂಡು ನೀರು ಉಳಿಯಿತೋ ಇಲ್ಲವೋ ಎಂದು ತೀರ್ಮಾನಿಸುವುದು, ಮೋಡ ಮುಚ್ಚಿದ ದಿನ ನೆರಳನ್ನು ನೋಡಿ ಹೊತ್ತನ್ನು ಹೇಳಿದಂತೆ. ಅಗ್ಗದ ನೀರುಳ್ಳವರಿಗೆ ಉಳಿತಾಯದ ಲಾಭವಿಲ್ಲ, ತುಟ್ಟಿಯ ನೀರನ್ನು ಕೊಳ್ಳುವವರಿಗೆ ಉಳಿಸಿದ್ದು ತಮ್ಮದಾಗುವ ಏರ್ಪಾಡಿಲ್ಲ. ಆದಕಾರಣ ಮನೆಮನೆಗೂ ಮೀಟರು ಮೊದಲು, ಬಿಲ್ಲೆ ಅದರ ತರುವಾಯ ಎಂಬುದು ನಮ್ಮ ದೃಢವಾದ ಮತ. ಮೀಟರಿಲ್ಲದ ಕಡೆ ಬಿಲ್ಲೆಯನ್ನು ಕಡ್ಡಾಯ ಮಾಡುವುದು ಒಳ್ಳೆಯವರ ಮೇಲೆ ತೆರಿಗೆ ಹಾಕಿದಂತಾಗುವುದು.

ಈ ಲೆಕ್ಕವನ್ನೆಲ್ಲಾ ಒಂದು ಹಾಳೆಯಲ್ಲಿ ಬರೆದು ನಾವು ಆಕೆಗೆ ಕಳುಹಿಸಿದೆವು. ಆಕೆಯು ಅದನ್ನು ಸಂಘದ ಸಭೆಯಲ್ಲಿ ಓದಿದಳಂತೆ. ಮೀಟರುಗಳ ವಿಷಯವನ್ನು ಮುಂದಿನ ಸಭೆಗೆ ಹಾಕಿ, ಹೆಬ್ಬಾಗಿಲಿಗೆ ಯಾವ ಬಣ್ಣ ಬಳಿಯಬೇಕೆಂಬುದನ್ನು ಒಂದು ಗಂಟೆಯ ಕಾಲ ಚರ್ಚಿಸಿದರಂತೆ. ಆದಾಗ್ಯೂ ಆರು ಟ್ಯಾಂಕರಿನ ಮಾತು ಕೆಲವು ಹೆಂಗಸರ ಕಿವಿಗೆ ಬಿದ್ದು, ಹನ್ನೊಂದು ಮನೆಯವರು ಬಿಲ್ಲೆಗಳನ್ನು ತರಿಸಿದ್ದಾರೆ. ಬಿಂದಿಗೆ ಬಕೀಟುಗಳನ್ನು ತುಂಬುವ ಕೊಳಾಯಿಗೆ ಅದನ್ನು ಹಾಕಬೇಡ, ಪಾತ್ರೆ ತೊಳೆಯುವ ಕಡೆಗೂ ಕೈ ತೊಳೆಯುವ ಕಡೆಗೂ ಸಾಕು. ಟ್ಯಾಂಕರಿನ ನೀರು ಗಡುಸಾದ್ದರಿಂದ ಜಾಲರಿಗೆ ಸುಣ್ಣ ಕಟ್ಟುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ಒಂದು ರಾತ್ರಿ ನಿಂಬೆಹಣ್ಣಿನ ರಸದಲ್ಲಿ ನೆನೆಯಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕು ಎಂದು ನಾವು ಉತ್ತರ ಬರೆದಿದ್ದೇವೆ. ಅವಳ ಬಿಲ್ಲೆಯನ್ನೂ ಅಂಚೆಯಲ್ಲಿ ಹಿಂದಕ್ಕೆ ಕಳುಹಿಸಿದ್ದಾಯಿತು.