ಖಾಲಿ ತೋಟೆಯ ಹಿತ್ತಾಳೆ

ಮಂಗಳೂರಿನ ರಥಬೀದಿಯ ಪಾತ್ರೆಯಂಗಡಿಗೆ ಹಿತ್ತಾಳೆಯ ಕೊಡಪಾನ ಕೊಳ್ಳಲು ಬಂದ ಹಿರಿಯ ಗೃಹಿಣಿ ಅದರ ಹೊಳಪಿಗೆ ಮರುಳಾಗುವವಳಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ನಾದವನ್ನು ಆಲಿಸುತ್ತಾಳೆ. ಎಲ್ಲಿಯಾದರೂ ಸೀಳಿದ್ದರೆ ನಾದ ಒಡೆದು ಕೇಳಿಸುತ್ತದೆ. ಸೈನ್ಯದ ರೈಫಲ್ಲಿನಲ್ಲಿ ಒಮ್ಮೆ ಹಾರಿಸಿದ ತೋಟೆಯ ಹಿತ್ತಾಳೆಯನ್ನು ಮರಳಿ ಮದ್ದು ತುಂಬಲು ಅಣಿಗೊಳಿಸುವವರ ವಿದ್ಯೆಯೂ ಬಹುಮಟ್ಟಿಗೆ ಇಂಥದೇ. ಅದರಲ್ಲಿ ಬೆಳಗುವ ಕೆಲಸ ಅಲ್ಪ, ಒಡಕನ್ನು ಹುಡುಕುವ ಕೆಲಸವೇ ಅಧಿಕ.

ನಮ್ಮ ದೇಶದಲ್ಲಿ ಇದು ಮನೆಯಲ್ಲಿ ಕೈಗೊಳ್ಳುವ ಹವ್ಯಾಸವಲ್ಲವೆಂಬುದನ್ನು ಮೊದಲೇ ಹೇಳಬೇಕು. 1959ರ ಆಯುಧ ಕಾಯಿದೆಯು ತೋಟೆಯ ಬಿಡಿಭಾಗಗಳನ್ನೂ ಮದ್ದುಗುಂಡುಗಳ ಸಾಲಿಗೇ ಸೇರಿಸಿದೆ. ಪರವಾನಗಿಯಿಲ್ಲದೆ ಅವನ್ನು ತಯಾರಿಸುವುದು ಅಪರಾಧ. ಎನ್.ಸಿ.ಸಿ. ವಿದ್ಯಾರ್ಥಿಗಳು ಗುರಿಯಭ್ಯಾಸ ಮುಗಿಸಿದ ಮೇಲೆ ಖಾಲಿ ತೋಟೆಗಳನ್ನು ಹೆಕ್ಕಿ, ಎಣಿಸಿ, ಒಪ್ಪಿಸುವ ಶಿಸ್ತು ಸುಮ್ಮನೆ ಬಂದುದಲ್ಲ. ಅಮೆರಿಕ, ಕೆನಡಾಗಳಲ್ಲಿ ಮಾತ್ರ ಕಾಯಿದೆಯ ಅನುಮತಿಯಿರುವುದರಿಂದ, ಹಳೆಯ ಲೀ-ಎನ್‌ಫೀಲ್ಡ್ ರೈಫಲ್ಲುಗಳನ್ನು ಜತನವಾಗಿಟ್ಟವರು ಈ ಕೆಲಸವನ್ನು ಮನೆಯ ಮೇಜಿನ ಮೇಲೆಯೇ ಮಾಡಿಕೊಳ್ಳುತ್ತಾರೆ.

ಆದರೆ ಅವರು ಪಾಲಿಸುವ ನಿಯಮಗಳಲ್ಲಿ ಬಹು ಮುಖ್ಯವಾದ ಒಂದನ್ನು ಜಗತ್ತಿಗೆ ಕಲಿಸಿದುದು ಭಾರತದ ಮಳೆಗಾಲ. ಬ್ರಿಟಿಷರ ಆಳ್ವಿಕೆಯಲ್ಲಿ ಇಲ್ಲಿನ ಸೈನ್ಯದ ತೋಟೆಗಳನ್ನು ಮಳೆ ಕಳೆಯುವವರೆಗೆ ಕುದುರೆ ಲಾಯಗಳಲ್ಲಿ ಇಡುವುದಿತ್ತು. ಮಳೆ ನಿಂತ ಮೇಲೆ ತೆಗೆದು ನೋಡಿದರೆ, ಯಾರೂ ಮುಟ್ಟದ, ಒಂದೂ ಈಡು ಹಾರಿಸದ ತೋಟೆಗಳು ಗುಂಡನ್ನು ಬಿಗಿಹಿಡಿದ ಕುತ್ತಿಗೆಯ ಬಳಿ ಸೀಳಿರುತ್ತಿದ್ದವು! ತುಕ್ಕಿನ ಕುರುಹಿಲ್ಲ, ಪೆಟ್ಟಿನ ಗುರುತಿಲ್ಲ. ಇದಕ್ಕೆ ಸರಿಯಾದ ವಿವರಣೆ ದೊರೆತುದು 1921ರಲ್ಲಿ, ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಸಂಶೋಧಕರಿಂದ. ತೋಟೆಯ ಹಿತ್ತಾಳೆ ಎಂದರೆ 70 ಪಾಲು ತಾಮ್ರ, 30 ಪಾಲು ಸತು. ಅದನ್ನು ಕಾಯಿಸದೆ ಎಳೆದು, ಒತ್ತಿ ರೂಪಿಸುವಾಗ ಲೋಹದೊಳಗೆ ಬಿಗಿತವೊಂದು ಉಳಿದುಬಿಡುತ್ತದೆ. ಕುದುರೆಗಳ ಮೂತ್ರದಿಂದೆದ್ದ ಅಮೋನಿಯಾ ತೇವದ ಗಾಳಿಯಲ್ಲಿ ಬೆರೆತು ಆ ಬಿಗಿದ ಭಾಗವನ್ನೇ ಅರಸಿ ಸೀಳಿತ್ತು. ಬಿಗಿತ ಒಂದೇ ಇದ್ದರೆ ಸೀಳದು, ಅಮೋನಿಯಾ ಒಂದೇ ಇದ್ದರೂ ಸೀಳದು, ಎರಡೂ ಕೂಡಬೇಕು. ಈ ಒಡಕಿಗೆ ಲೋಹಶಾಸ್ತ್ರದಲ್ಲಿ ‘ಸೀಸನ್ ಕ್ರ್ಯಾಕಿಂಗ್’ ಎಂದೇ ಹೆಸರು. ಮಳೆಗಾಲದ ಋತುವಿನಿಂದ ಆ ಹೆಸರು ಬಂತೆಂದು ಕೆಲವರು, ಒಣಗಿದ ಮರದ ಬಿರುಕನ್ನು ಹೋಲುವುದರಿಂದ ಬಂತೆಂದು ಕೆಲವರು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರಿನವರಿಗೆ ಮೊದಲನೆಯ ಮತವೇ ರುಚಿಸಿದರೆ ತಪ್ಪಿಲ್ಲ.

ಪರಿಹಾರವೇನೋ ಸರಳ: ಹದವಾಗಿ ಕಾಯಿಸಿದರೆ ಬಿಗಿತ ಸಡಿಲುತ್ತದೆ. ಅಮೆರಿಕದ ಸೈನ್ಯದ ತೋಟೆಗಳ ಕುತ್ತಿಗೆಯಲ್ಲಿ ಕಾಣುವ ನೀಲಿಗಂದು ಛಾಯೆ ಹೀಗೆ ಕಾಯಿಸಿದುದರ ಗುರುತು. ಅದನ್ನು ಕೊಳೆಯೆಂದು ಭ್ರಮಿಸಿ ಉಜ್ಜುವವರೂ ಇದ್ದಾರೆ. ಹಾರಿಸಿದಾಗ ಹಿಗ್ಗಿ, ಅಚ್ಚಿನಲ್ಲಿ ಒತ್ತಿದಾಗ ಕುಗ್ಗಿ, ಹಿತ್ತಾಳೆ ಮತ್ತೆ ಮತ್ತೆ ಗಡುಸಾಗುವುದರಿಂದ, ಮರುಬಳಕೆಯವರೂ ಕುತ್ತಿಗೆಯನ್ನು ಆಗಾಗ ಕಾಯಿಸುತ್ತಾರೆ. ಆಗ ತಳ ಮಾತ್ರ ಮೆದುವಾಗಕೂಡದು. ಆದುದರಿಂದ ತೋಟೆಗಳನ್ನು ತಟ್ಟೆಯ ನೀರಿನಲ್ಲಿ ಅರ್ಧ ಮುಳುಗುವಂತೆ ನಿಲ್ಲಿಸಿ, ಮೇಲ್ಭಾಗಕ್ಕಷ್ಟೇ ಜ್ವಾಲೆ ತಾಗಿಸುವುದು ಹಳೆಯ ಕ್ರಮ.

ತಳದ ಮೇಲೆ ಇಷ್ಟು ಕಾಳಜಿಯೇಕೆ? .303 ರೈಫಲ್ಲಿನೊಳಗೆ ಈಡು ಸಿಡಿದಾಗ ಚದರ ಅಂಗುಲವೊಂದಕ್ಕೆ ಸುಮಾರು 18 ಟನ್ನಿನ ಒತ್ತಡವೇಳುತ್ತದೆ. ಹೊಡೆಯುವವನ ಕೆನ್ನೆ ಅಲ್ಲಿಂದ ಕೆಲವೇ ಅಂಗುಲ ದೂರ. ಯುದ್ಧಭೂಮಿಯ ಕೆಸರು, ಧೂಳಿನಲ್ಲಿಯೂ ತೋಟೆ ಸಲೀಸಾಗಿ ಕೂರಲೆಂದು ಈ ರೈಫಲ್ಲಿನ ಗೂಡನ್ನು ಸಡಿಲವಾಗಿಯೇ ಕೊರೆದಿದ್ದರು. ಅದರಿಂದ ಹಿತ್ತಾಳೆ ಪ್ರತಿ ಈಡಿಗೂ ಉದ್ದಕ್ಕೆ ಎಳೆದುಕೊಂಡು, ತಳದ ತುಸು ಮೇಲೆ ಒಳಗಿನಿಂದ ಬಳೆಯಾಕಾರದಲ್ಲಿ ಸವೆಯುತ್ತದೆ. ಹೊರಗೆ ಕಂಡರೆ ಒಂದು ಮಸುಕು ಬಿಳಿಗೆರೆ, ಅಷ್ಟೇ. ತುದಿ ಬಾಗಿಸಿದ ತಂತಿಯನ್ನು ಒಳಗಿಳಿಸಿ ಗೋಡೆಗುಂಟ ಎಳೆದಾಗ ತುದಿ ತಗ್ಗಿಗೆ ಸಿಕ್ಕಿ ತಡೆದರೆ, ಆ ತೋಟೆ ಗುಜರಿಗೆ. ಎರಡನೆಯ ಯೋಚನೆಯೇ ಬೇಡ.

ಇನ್ನು ಕೇಪಿನ ಮಾತು. ಯಂತ್ರಕೋವಿಯ ಕುಲುಕಾಟಕ್ಕೆ ಸಡಿಲಬಾರದೆಂದು ಸೈನ್ಯದ ತೋಟೆಗಳಲ್ಲಿ ಕೇಪಿನ ಅಂಚನ್ನು ಒತ್ತಿ ಬಿಗಿದಿರುತ್ತಾರೆ. ಹಳೆಯ ಕೇಪನ್ನು ತೆಗೆದ ಮೇಲೆ ಆ ಒತ್ತನ್ನು ಕೆರೆದು ತೆಗೆಯದಿದ್ದರೆ ಹೊಸದು ಕೂರದು. 1869ರಲ್ಲಿ ಆರಂಭವಾದ ಪುಣೆಯ ಸಮೀಪದ ಖಡ್ಕಿಯ ಕಾರ್ಖಾನೆಯ .303 ತೋಟೆಗಳಲ್ಲಿ ಶ್ಯಾವಿಗೆಯಂಥ ಕಾರ್ಡೈಟ್ ಮದ್ದಿನ ಎಳೆಗಳೂ ಬರ್ಡನ್ ಮಾದರಿಯ ಕೇಪೂ ಇರುತ್ತಿದ್ದವು. ಬಾಕ್ಸರ್ ಮಾದರಿಯಲ್ಲಿ ನಡುವೆ ಒಂದೇ ರಂಧ್ರವಿದ್ದು, ಸೂಜಿಯಿಂದ ತಳ್ಳಿದರೆ ಕೇಪು ಉದುರುತ್ತದೆ. ಬರ್ಡನ್ನಿನಲ್ಲಿ ಬದಿಗೆ ಸರಿದ ಎರಡು ಸಣ್ಣ ರಂಧ್ರಗಳು. ತೋಟೆಗೆ ನೀರು ತುಂಬಿ, ಬಿಗಿಯಾದ ಕಡ್ಡಿಯಿಟ್ಟು ಗುದ್ದಿ, ನೀರಿನ ಒತ್ತಡದಿಂದಲೇ ಅದನ್ನು ಹೊರಡಿಸಬೇಕು. ಬಾಕ್ಸರ್ ಇಂಗ್ಲೆಂಡಿನವನು, ಬರ್ಡನ್ ಅಮೆರಿಕದವನು. ಸೈನ್ಯಗಳು ಮಾತ್ರ ಅದಲುಬದಲಾಗಿ ಒಬ್ಬರದನ್ನೊಬ್ಬರು ಸ್ವೀಕರಿಸಿದುವು. ಹಳೆಯ ಕೇಪಿನಲ್ಲಿ ಪಾದರಸದ ಮದ್ದಿದ್ದರೆ ಇಷ್ಟೆಲ್ಲ ಶ್ರಮವೂ ವ್ಯರ್ಥ, ಪಾದರಸ ಹಿತ್ತಾಳೆಯನ್ನು ಸೇರಿ ಅದನ್ನು ಪೆಡಸುಮಾಡಿಬಿಟ್ಟಿರುತ್ತದೆ.

ತೊಳೆಯುವ ವಿಧಾನವನ್ನು ನಮ್ಮ ಅಡುಗೆಮನೆಗೆ ಯಾರೂ ಕಲಿಸಬೇಕಿಲ್ಲ. ಹುಣಸೆಯ ಹುಳಿ, ಲಿಂಬೆಯ ಹುಳಿ ಎರಡೂ ಆದೀತು. ಆದರೆ ಬಹಳ ಹೊತ್ತು ನೆನೆಯಿಟ್ಟರೆ ಸತು ಕರಗಿ, ತಾಮ್ರದ ನಸುಗೆಂಪು ಉಳಿಯುತ್ತದೆ. ಅಮೋನಿಯಾ ಬೆರೆತ ಹೊಳಪಿನ ದ್ರವಗಳನ್ನು ತೋಟೆಯ ಹತ್ತಿರ ತರಲೇಬಾರದೆಂಬ ನಿಷೇಧದ ಹಿಂದೆ ಆ ಕುದುರೆ ಲಾಯವೇ ಇದೆ.

ಸೈನ್ಯದಲ್ಲಿದ್ದ ಅಜ್ಜನ ನೆನಪಿಗೆಂದು ಖಾಲಿ ತೋಟೆಯೊಂದು ಗಾಜಿನ ಕಪಾಟಿನಲ್ಲಿರುವ ಮನೆಗಳು ನಮ್ಮ ಊರಿನಲ್ಲಿಯೂ ಇರಬಹುದು. ಅಂಥವರು ಅದನ್ನು ಉಜ್ಜುವ ಮುನ್ನ ತಿರುಗಿಸಿ ತಳವನ್ನು ನೋಡುವುದೊಳ್ಳೆಯದು. ಕೇಪಿನ ನಡುವೆ ಸೂಜಿ ಬಡಿದ ಗುಳಿ ಕಾಣದಿದ್ದರೆ, ಇಲ್ಲವೆ ಬಾಯಲ್ಲಿ ಗುಂಡು ಹಾಗೆಯೇ ಕುಳಿತಿದ್ದರೆ, ಅದು ಖಾಲಿಯಲ್ಲ. ಅದನ್ನು ಕೆದಕದೆ, ಕಾಯಿಸದೆ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹತ್ತಿರದ ಠಾಣೆಗೆ ತಿಳಿಸಬೇಕು.